ಲೆಕ್ಕ ನಮ್ಮದು, ಬೀಗ ಯಾರದು?

ಸರಕಾರದ ಹಣದಿಂದ ನಡೆಯುವ ಕೆಲಸಗಳಲ್ಲಿ ಎರಡು ಬಗೆ: ಶಂಕುಸ್ಥಾಪನೆಗೆ ಒದಗುವಂಥವು, ಒದಗದಂಥವು. ಸೇತುವೆ, ಬಂದರು, ಹೆದ್ದಾರಿ ಮೊದಲನೆಯ ಬಗೆಗೆ ಸೇರಿದವು. ಅವಕ್ಕೆ ಮಂತ್ರಿಗಳು ಬರುತ್ತಾರೆ, ಹಾರ ತುರಾಯಿಗಳು ಬರುತ್ತವೆ, ಕಲ್ಲಿನ ಫಲಕದ ಮೇಲೆ ಹೆಸರು ಮೂಡುತ್ತದೆ. ಅರಬ್ಬಿ ಸಮುದ್ರದ ನೀರು ಹಿಂದಿನದಕ್ಕಿಂತ ಎಷ್ಟು ಬೆಚ್ಚಗಾಯಿತು, ಘಟ್ಟದ ಇಳಿಜಾರಿನಲ್ಲಿ ಕಾಡು ಹೋಗಿ ಬೇರೇನೋ ಬಂದ ಮೇಲೆ ಮಣ್ಣೂ ಮಳೆನೀರೂ ಎತ್ತ ಹೋದವು ಎಂದು ಇಪ್ಪತ್ತು ಮೂವತ್ತು ವರ್ಷ ಬಿಡದೆ ಅಳೆಯುವ ಕೆಲಸ ಎರಡನೆಯ ಬಗೆಯದು. ಅಲ್ಲಿ ಕತ್ತರಿಸುವುದಕ್ಕೆ ಟೇಪೂ ಇಲ್ಲ, ಕೆತ್ತುವುದಕ್ಕೆ ಕಲ್ಲೂ ಇಲ್ಲ. ಆದಕಾರಣ ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು ಇದರ ಮೇಲೆ. ಹೇಗೋ ಕೆಲಸ ಮುಗಿದು ವರದಿ ಸಿದ್ಧವಾದರೆ ಅದು ನೇರವಾಗಿ ಕಪಾಟಿಗೆ ಹೋಗಿ ಕುಳಿತುಕೊಳ್ಳುತ್ತದೆ.

ಈ ಎರಡು ಅನ್ಯಾಯಗಳ ವಿಷಯವಾಗಿ ನಾಲ್ಕು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕೆಂದಿದ್ದೇನೆ. ನಾನು ವಿಜ್ಞಾನಿಯಲ್ಲ, ಬಿಸ್ಕತ್ತಿನ ಪೊಟ್ಟಣ ಕೊಂಡರೂ ತೆರಿಗೆ ಕೊಡುವ ಸಾಮಾನ್ಯ ನಾಗರಿಕ. ನನ್ನ ಹಣದಿಂದ ಮಾಡಿಸಿದ ಲೆಕ್ಕವನ್ನು ನನಗೆ ತೋರಿಸಿರಿ ಎಂದು ಕೇಳುವುದಕ್ಕೆ ಅಷ್ಟು ಅಧಿಕಾರ ಸಾಕೆಂದು ನಂಬಿದ್ದೇನೆ.

ಹವಾಮಾನ ಬದಲಾಗುತ್ತಿದೆ ಎಂಬ ಮಾತು ಈಗ ಶಾಲೆಯ ಮಕ್ಕಳ ಪಾಠದಲ್ಲಿಯೂ ಬರುತ್ತದೆ. ಆದರೆ ಅದರ ಲೆಕ್ಕಪತ್ರವನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಮನುಷ್ಯನು ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು, ಕಾಡನ್ನು ಕಡಿದು ಗಾಳಿಗೆ ಬಿಡುವ ಇಂಗಾಲಾಮ್ಲ ವಾಯುವೆಲ್ಲ ಗಾಳಿಯಲ್ಲಿಯೇ ಉಳಿಯುವುದಿಲ್ಲ. ಅರ್ಧಕ್ಕೂ ಹೆಚ್ಚು ಭಾಗವನ್ನು ಕಡಲೂ ನೆಲವೂ ಸೇರಿ ಹೀರಿಕೊಳ್ಳುತ್ತವೆ. ಕಡಲೊಂದರ ಪಾಲೇ ಸುಮಾರು ಕಾಲುಭಾಗ. ಭೂಮಂಡಲದಲ್ಲಿ ಹೆಚ್ಚಾಗಿ ಸೇರುತ್ತಿರುವ ಶಾಖದಲ್ಲಂತೂ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಕಡಲಿನ ಹೊಟ್ಟೆಗೆ ಹೋಗುತ್ತದೆ. ಇನ್ನು ನೆಲದ ಸಂಗತಿ ವಿಚಿತ್ರವಾದುದು. ಅದು ಒಂದು ಕೈಯಿಂದ ತೆಗೆದುಕೊಳ್ಳುತ್ತದೆ. ನಾವು ಅದನ್ನು ಕೆಡಿಸಿದಲ್ಲಿ ಇನ್ನೊಂದು ಕೈಯಿಂದ ಕೊಡುತ್ತದೆ. ಮನುಷ್ಯನ ಕಾರಣದಿಂದ ಗಾಳಿ ಸೇರುವ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ 23 ಪಾಲು ವ್ಯವಸಾಯ, ಕಾಡು ಮತ್ತು ಭೂಮಿಯ ಬಳಕೆಯಿಂದ ಬಂದದ್ದು ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಮಂಡಲಿ 2019ರ ಆಗಸ್ಟಿನಲ್ಲಿ ಲೆಕ್ಕ ಕೊಟ್ಟಿತು. ಮರುತಿಂಗಳೇ ಕಡಲಿನ ಮೇಲೆ ಇನ್ನೊಂದು ವರದಿ ಹೊರಡಿಸಿತು.

ಅಂದರೆ ಕಡಲು ಮತ್ತು ನೆಲ ನಮ್ಮ ಸಾಲಕ್ಕೆ ನಿಂತಿರುವ ಇಬ್ಬರು ಜಾಮೀನುದಾರರು. ಈ ಜಾಮೀನು ಎಷ್ಟು ದಿನ ನಡೆದೀತು, ಅವರಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂದು ವಿಚಾರಿಸಬೇಡವೇ? ಈ ವಿಚಾರಣೆಯನ್ನು ಯಾವ ವ್ಯಾಪಾರಿಯೂ ತನ್ನ ಗಂಟು ಬಿಚ್ಚಿ ಮಾಡುವುದಿಲ್ಲ. ಅವನನ್ನು ದೂರಿ ಫಲವಿಲ್ಲ. ಫಲ ಊರಿಗೆಲ್ಲ ಹಂಚಿಹೋಗುವ ಕೆಲಸಕ್ಕೆ ಅವನೊಬ್ಬನೇ ಏಕೆ ಬಂಡವಾಳ ಹಾಕಬೇಕು? ಇದು ಸಾರ್ವಜನಿಕರ ಹಣದಿಂದ ಆಗಬೇಕಾದ ಕೆಲಸ. ಅದು ನಿಂತರೆ ಬೇರೆ ಯಾರೂ ಮಾಡುವವರಿಲ್ಲ.

ಅಮೆರಿಕದ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. ನಾವು ಬಿಟ್ಟ ಇಂಗಾಲಾಮ್ಲವನ್ನೆಲ್ಲ ಕಡಲು ನುಂಗಿಬಿಡುತ್ತದೆ, ಚಿಂತೆಗೆ ಕಾರಣವಿಲ್ಲ ಎಂಬ ಭಾವನೆ ಒಂದು ಕಾಲಕ್ಕೆ ವಿಜ್ಞಾನಿಗಳಲ್ಲಿಯೂ ಇತ್ತು. ಕಡಲಿಗೆ ಅಷ್ಟು ಬೇಗ ನುಂಗುವ ಶಕ್ತಿಯಿಲ್ಲವೆಂದು 1957ರಲ್ಲಿ ರೋಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ತೋರಿಸಿದರು. ಮರುವರ್ಷ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಎಂಬ ಪರ್ವತದ ಮೇಲೆ ಯಂತ್ರವನ್ನಿಟ್ಟು ಗಾಳಿಯನ್ನು ಅಳೆಯತೊಡಗಿದರು. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ಸುಮಾರು 315 ಪಾಲಿತ್ತು. ಇಂದು 420ನ್ನು ದಾಟಿದೆ. ಜಗತ್ತಿನ ಸರಕಾರಗಳೆಲ್ಲ ಸೇರಿ ಈಗ ನಡೆಸುತ್ತಿರುವ ಸಮ್ಮೇಳನಗಳ ಹಿಂದೆ ನಿಂತಿರುವ ಸಾಕ್ಷ್ಯಗಳಲ್ಲಿ ಈ ಒಂದು ಗೆರೆಗಿಂತ ಬಲವಾದುದು ಇಲ್ಲ. ಆದರೆ 1964ರಲ್ಲಿ ಹಣ ಕಡಿತವಾಗಿ ಈ ಅಳತೆ ಕೆಲವು ತಿಂಗಳು ನಿಂತುಹೋಯಿತು. ಇದು ದಿನಚರಿಯ ಕೆಲಸ, ಸಂಶೋಧನೆಯೆಂದು ಹೇಗೆ ಕರೆಯುವುದು ಎಂಬ ತಕರಾರನ್ನೂ ಕೀಲಿಂಗ್ ಮುಂದಕ್ಕೆ ಎದುರಿಸಬೇಕಾಯಿತು. ಆ ತಿಂಗಳುಗಳ ಸ್ಥಾನ ಪಟ್ಟಿಯಲ್ಲಿ ಇಂದಿಗೂ ಖಾಲಿಯಾಗಿದೆ. ಕಳೆದ ವರ್ಷದ ರಸ್ತೆಯನ್ನು ಈ ವರ್ಷ ಹಾಕಬಹುದು. ಕಳೆದ ವರ್ಷದ ಗಾಳಿಯನ್ನು ಈ ವರ್ಷ ಅಳೆಯುವ ಉಪಾಯ ಯಾರಿಗೂ ತಿಳಿಯದು.

ಇಷ್ಟಾದರೂ ಬುದ್ಧಿ ಬಂದಿತೇ? 2025ರಲ್ಲಿ ಅದೇ ದೇಶದ ಆಡಳಿತ ಮುಂದಿಟ್ಟ ಆಯವ್ಯಯದಲ್ಲಿ ಸಾಗರ ಮತ್ತು ವಾಯುಮಂಡಲದ ಸಂಶೋಧನಾ ಶಾಖೆಯನ್ನೇ ತೆಗೆದುಹಾಕುವ ಪ್ರಸ್ತಾಪವಿತ್ತು. ಮೌನಾ ಲೋವಾದ ವೀಕ್ಷಣಾಲಯವೂ ಅದರೊಳಗೆ ಸೇರಿತ್ತು. ಸಿರಿವಂತ ರಾಷ್ಟ್ರಕ್ಕೇ ಇಂಥ ಬುದ್ಧಿ ಬಂದಮೇಲೆ ಬಡವರಾದ ನಾವು ಯಾವ ಲೆಕ್ಕ ಎನ್ನುವವರಿದ್ದಾರೆ. ಅವರು ಕಾರವಾರದಾಚೆ ಸ್ವಲ್ಪ ದೂರ ಬಂದು ನೋಡಲಿ. ಗೋವೆಯ ಕಾಬೊ ದ ರಾಮ ಎಂಬ ಕಡಲ ತಡಿಯಲ್ಲಿ 1993ರಿಂದ ಗಾಳಿಯನ್ನು ಸೀಸೆಗಳಲ್ಲಿ ಹಿಡಿದು ಪರೀಕ್ಷೆಗೆ ಆಸ್ಟ್ರೇಲಿಯಕ್ಕೆ ಕಳುಹಿಸುತ್ತಿದ್ದರು. ಮಳೆಗಾಲದಲ್ಲಿ ಕಡಲ ಗಾಳಿ, ಚಳಿಗಾಲದಲ್ಲಿ ಒಳನಾಡಿನ ಗಾಳಿ ಬೀಸುವ ಆ ಜಾಗ ಕಡಲು ನೆಲಗಳೆರಡರ ನಾಡಿಯನ್ನೂ ಒಂದೇ ಕೈಯಲ್ಲಿ ಹಿಡಿದು ನೋಡುವುದಕ್ಕೆ ಹೇಳಿ ಮಾಡಿಸಿದಂತಿದೆ. ಆ ಕೆಲಸವೂ ಅಖಂಡವಾಗಿ ನಡೆಯಲಿಲ್ಲ. ನಡುವೆ ವರ್ಷಗಟ್ಟಲೆ ನಿಂತಿತು. ನಮ್ಮ ಕರಾವಳಿಯ ಮಗ್ಗುಲಿನ ಗಾಳಿಯ ಚರಿತ್ರೆಯಲ್ಲಿ ಹೀಗೆ ಹಾಳೆಗಳೇ ಇಲ್ಲವಾದವು.

ನಮ್ಮವರಿಗೆ ಈ ಕೆಲಸ ಬಾರದೆಂದು ಮಾತ್ರ ಯಾರೂ ತಿಳಿಯಬಾರದು. 1959ರಿಂದ 1965ರವರೆಗೆ ಹಲವು ರಾಷ್ಟ್ರಗಳ ಹಡಗುಗಳು ಹಿಂದೂ ಮಹಾಸಾಗರವನ್ನು ಶೋಧಿಸಿದುವು. ಆ ಮಹಾಯಾತ್ರೆಯಲ್ಲಿ ಭಾರತವೂ ಪಾಲುಗೊಂಡಿತು. ಆಹಾರಕ್ಕೆ ಪರದೇಶದ ಹಡಗಿನ ದಾರಿ ಕಾಯುತ್ತಿದ್ದ ಕಾಲ ಅದು. ಆದರೂ ಈ ಕೆಲಸ ಯಾತ್ರೆಯೊಂದಿಗೆ ಮುಗಿಯಬಾರದೆಂದು 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯನ್ನು ಕಟ್ಟಿದರು; ಅದು ಇಂದು ಗೋವೆಯಲ್ಲಿ ಇದೆ. 1999ರಲ್ಲಿ ಹೈದರಾಬಾದಿನಲ್ಲಿ ಸಾಗರ ಮಾಹಿತಿ ಕೇಂದ್ರ ಸ್ಥಾಪನೆಯಾಯಿತು. ಜಗತ್ತಿನ ಕಡಲುಗಳಲ್ಲಿ ಇಂದು ಸುಮಾರು ನಾಲ್ಕು ಸಾವಿರ ತೇಲುಯಂತ್ರಗಳಿವೆ. ಅವು ಎರಡು ಸಾವಿರ ಮೀಟರಿನ ಆಳಕ್ಕೆ ಮುಳುಗಿ, ಹತ್ತು ದಿನಕ್ಕೊಮ್ಮೆ ಮೇಲೆದ್ದು, ನೀರಿನ ಶಾಖವನ್ನೂ ಉಪ್ಪನ್ನೂ ಉಪಗ್ರಹದ ಮೂಲಕ ವರದಿ ಮಾಡುತ್ತವೆ. ಹಿಂದೂ ಮಹಾಸಾಗರದಲ್ಲಿ ಈ ಕೆಲಸಕ್ಕೆ ಕೈಜೋಡಿಸಿರುವುದು ಹೈದರಾಬಾದಿನ ಕೇಂದ್ರವೇ. ಆ ಅಂಕಿಗಳು ಯಾರೊಬ್ಬರ ಸ್ವತ್ತೂ ಅಲ್ಲ, ಕೇಳಿದವರಿಗೆಲ್ಲ ಪುಕ್ಕಟೆ.

ಇದರಿಂದ ಸಾಮಾನ್ಯನಿಗೆ ಏನು ಬಂತು ಎಂದು ಕೇಳುವವರಿಗೆ ಮಲ್ಪೆಯ ದೋಣಿಯವರನ್ನು ತೋರಿಸುತ್ತೇನೆ. ಕಡಲಿನ ಮೈಬಿಸಿ, ಅದರ ಬಣ್ಣ ಇವುಗಳನ್ನು ನೋಡಿ, ಎಲ್ಲಿ ಮೀನು ಸೇರಿರಬಹುದೆಂದು ಇದೇ ಕೇಂದ್ರ ಮೀನುಗಾರರಿಗೆ ಸೂಚನೆ ಕೊಡುತ್ತದೆ. ಅದು ಕನ್ನಡದಲ್ಲಿಯೂ ಬರುತ್ತದೆ. ಎಣ್ಣೆಯ ಖರ್ಚಿನಲ್ಲಿ ಬಸವಳಿದಿರುವ ದೋಣಿಗೆ ಇದು ಸಣ್ಣ ಉಪಕಾರವಲ್ಲ. ಇನ್ನೊಂದು ಮಾತು. ಅರಬ್ಬಿ ಸಮುದ್ರದಲ್ಲಿ 2001ರಿಂದ 2019ರವರೆಗೆ ಎದ್ದ ಚಂಡಮಾರುತಗಳು ಅದಕ್ಕೆ ಹಿಂದಿನ ಎರಡು ದಶಕಗಳಿಗಿಂತ ನೂರಕ್ಕೆ 52ರಷ್ಟು ಹೆಚ್ಚು ಎಂದು ಲೆಕ್ಕ ಹಾಕಿ ಹೇಳಿದವರು ಪುಣೆಯ ಸರಕಾರಿ ಸಂಸ್ಥೆಯ ವಿಜ್ಞಾನಿಗಳು. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಮಗ್ಗುಲಲ್ಲೇ ಹಾದುಹೋದಾಗ ಈ ಅಂಕಿಯ ಅರ್ಥ ಮೀನುಗಾರರ ಮನೆಗಳಿಗೆ ಚೆನ್ನಾಗಿ ತಿಳಿಯಿತು.

ಹಾಗಾದರೆ ತಕರಾರು ಎಲ್ಲಿ? ಅಳೆದ ಮೇಲೆ ಏನು ಮಾಡುತ್ತೇವೆ ಎಂಬಲ್ಲಿ. ದೇಶದ ಕರಾವಳಿಯನ್ನು 1990ರಿಂದ 2018ರ ತನಕ ಉಪಗ್ರಹದ ಚಿತ್ರಗಳಿಂದ ಹೋಲಿಸಿ ನೋಡಿ, ಮೂರರಲ್ಲಿ ಒಂದು ಭಾಗವನ್ನು ಕಡಲು ಕೊರೆಯುತ್ತಿದೆ ಎಂದು ಕೇಂದ್ರ ಸರಕಾರದ್ದೇ ಆದ ಚೆನ್ನೈನ ಸಂಸ್ಥೆ ಹೇಳಿತು. ಕರ್ನಾಟಕದ ತೀರದಲ್ಲಿ ಸುಮಾರು ಕಾಲುಭಾಗಕ್ಕೆ ಈ ಗತಿ. ಎಲ್ಲಿ ಕೊರೆತ, ಎಲ್ಲಿ ಮರಳು ಸೇರುತ್ತಿದೆ ಎಂದು ನಕ್ಷೆ ಬರೆದು ಕೊಟ್ಟಿದ್ದಾರೆ. ನಾವು ಮಾಡುವುದೇನು? ಪ್ರತಿ ಮಳೆಗಾಲ ಉಳ್ಳಾಲದಂಥ ಊರುಗಳಲ್ಲಿ ಮನೆಗಳು ಕಡಲಿಗೆ ಬೀಳತೊಡಗಿದಾಗ ಲಾರಿಗಟ್ಟಲೆ ಬಂಡೆ ತಂದು ಸುರಿಯುವುದು. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದರು ಎಂಬ ಗಾದೆಯಿದೆ. ನಾವು ಕಡಲಿನಲ್ಲಿಯೇ ಕಿವುಚುತ್ತಿದ್ದೇವೆ. ತೀರಕ್ಕೆ ಮರಳನ್ನು ತಂದುಕೊಡುವುದು ಹೊಳೆ. ಆ ಹೊಳೆಗೆ ಮೇಲೆ ಅಣೆಕಟ್ಟು ಕಟ್ಟಿ, ಕೆಳಗೆ ಅದರ ಹೊಟ್ಟೆಯಿಂದ ಮರಳನ್ನು ಬಗೆದು ಸಾಗಿಸಿದರೆ ತೀರ ಯಾವುದನ್ನು ತಿಂದು ಬದುಕಬೇಕು? ಘಟ್ಟದ ಮೇಲಿನ ನೆಲದ ಬಳಕೆಗೂ ಘಟ್ಟದ ಕೆಳಗಿನ ಕಡಲಿಗೂ ಇರುವ ಸಂಬಂಧ ಇದು. ನಮ್ಮಲ್ಲಿ ಬಂಡೆಗೆ ಒಂದು ಇಲಾಖೆ, ಮರಳಿಗೆ ಒಂದು, ಕಾಡಿಗೆ ಒಂದು, ಮೀನಿಗೆ ಒಂದು. ಇವುಗಳನ್ನು ಕೂಡಿಸಿ ನೋಡಬಲ್ಲ ಶಾಸ್ತ್ರಜ್ಞನ ನಕ್ಷೆಯನ್ನು ಯಾವ ಇಲಾಖೆಯೂ ತನ್ನದೆಂದು ತಿಳಿಯುವುದಿಲ್ಲ.

ನೆಲದ ವಿಷಯಕ್ಕೆ ಬಂದರೆ ನಮ್ಮ ನಾಡಿಗೆ ಒಳ್ಳೆಯ ಪರಂಪರೆಯೇ ಇದೆ. 1970ರ ದಶಕದಲ್ಲಿ ಉತ್ತರ ಕನ್ನಡದ ಕಾಡಿನಲ್ಲಿ ಬಿದಿರು ಮಾಯವಾಗುತ್ತಿದೆ, ಕಾಗದದ ಕಾರ್ಖಾನೆಯೇ ಎಲ್ಲವನ್ನೂ ನುಂಗುತ್ತಿದೆ ಎಂದು ಬುಟ್ಟಿ ಹೆಣೆಯುವವರು ದೂರಿಕೊಂಡರು. ಬೆಂಗಳೂರಿನ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳರಿಂದ ರಾಜ್ಯ ಸರಕಾರ ಪರಿಶೀಲನೆ ಮಾಡಿಸಿತು. ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ದಫ್ತರದಲ್ಲಿ ಬರೆದಿದ್ದ ಲೆಕ್ಕ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಇಲಾಖೆ ನಂಬಿತ್ತು. ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನಕರು ತಿಂದುಹಾಕುತ್ತವೆಂದು ಹಳ್ಳಿಯವರು ಹೇಳುತ್ತಿದ್ದರು. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಗೆದ್ದಿತು. ಸಾರ್ವಜನಿಕ ಸಂಶೋಧನೆ ಎಂದರೆ ಪಟ್ಟಣದ ಪಂಡಿತರು ಹಳ್ಳಿಗರ ಮೇಲೆ ಹೇರುವ ಹೊರೆ ಎನ್ನುವವರು ಈ ಬಿದಿರಿನ ಕಥೆಯನ್ನು ನೆನೆಯಬೇಕು.

ಅದೇ ಜಿಲ್ಲೆಯಲ್ಲಿ, 1980ರ ಸುಮಾರಿಗೆ, ಬೇಡ್ತಿ ಹೊಳೆಗೆ ವಿದ್ಯುತ್ತಿಗಾಗಿ ಅಣೆಕಟ್ಟು ಬರುವುದೆಂದಾಗ ಸಿರಸಿಯ ತೋಟಗಾರರ ಸಹಕಾರಿ ಸಂಘ ಸುಮ್ಮನೆ ಕೂಗಾಡಲಿಲ್ಲ. ಲಾಭವೆಷ್ಟು, ನಷ್ಟವೆಷ್ಟು, ಮುಳುಗುವ ಕಾಡಿನ, ತೋಟದ ಬೆಲೆಯೆಷ್ಟು ಎಂದು ಬಲ್ಲವರಿಂದ ಲೆಕ್ಕ ಹಾಕಿಸಿತು. ವಿಜ್ಞಾನಿಗಳನ್ನು ಕರೆಸಿ ಸಭೆ ನಡೆಸಿತು. ಆ ಯೋಜನೆ ನಿಂತಿತು. ಅಡಿಕೆ ಮಾರುವ ಸಂಘಕ್ಕೆ ಲೆಕ್ಕದ ಬೆಲೆ ಅಷ್ಟು ಚೆನ್ನಾಗಿ ತಿಳಿದಿತ್ತು. ಬೆಂಗಳೂರಿನ ಬಡಾವಣೆಗಳಲ್ಲಿ ಕುಳಿತ ವಿದ್ಯಾವಂತರು ನಾವು ಈ ನಲವತ್ತು ವರ್ಷಗಳಲ್ಲಿ ಅಂಥ ಒಂದು ಲೆಕ್ಕವನ್ನಾದರೂ ಕೇಳಿದ್ದೇವೆಯೇ?

ಇನ್ನು ಘಟ್ಟದ ದೊಡ್ಡ ವರದಿಯ ಕಥೆ. 2010ರ ಮಾರ್ಚಿಯಲ್ಲಿ ಕೇಂದ್ರ ಸರಕಾರವೇ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸಮಿತಿ 2011ರ ಆಗಸ್ಟ್ ಕೊನೆಯಲ್ಲಿ ವರದಿ ಕೊಟ್ಟಿತು. ಎಲ್ಲಿ ಗಣಿ ಬೇಡ, ಎಲ್ಲಿ ಇಳಿಜಾರನ್ನು ಮುಟ್ಟಬಾರದು, ಎಲ್ಲಿ ಬೇಸಾಯ ಹೇಗಿದ್ದರೆ ಒಳ್ಳೆಯದು ಎಂದು ಅದರಲ್ಲಿತ್ತು. ಕೊನೆಯ ಮಾತು ಗ್ರಾಮಸಭೆಗಳದ್ದಾಗಬೇಕೆಂದೂ ಇತ್ತು. ಸರಕಾರ ಅದನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿತು. ಮಾಹಿತಿ ಹಕ್ಕಿನಡಿ ಒಬ್ಬ ನಾಗರಿಕ ಕೇಳಿದಾಗ ಕೊಡಲಾಗದೆಂದರು. ಪ್ರಕಟಿಸಿರೆಂದು 2012ರ ಏಪ್ರಿಲಿನಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೂ ಬಿಡದೆ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಲ್ಲಿ ಸೋತ ಮೇಲೆ ಮೇ ತಿಂಗಳಿನಲ್ಲಿ ವರದಿ ಹೊರಕ್ಕೆ ಬಂದಿತು. ವಿಚಾರ ಮಾಡಿ ನೋಡಿ: ನಮ್ಮ ಹಣದಿಂದ ವರದಿ ಬರೆಸಿದರು, ಅದನ್ನು ನಮ್ಮಿಂದ ಬಚ್ಚಿಡುವುದಕ್ಕೆ ವಕೀಲರ ಫೀಜನ್ನೂ ನಮ್ಮ ಹಣದಿಂದಲೇ ಕೊಟ್ಟರು!

ಮುಂದಿನದು ಸರ್ವವಿದಿತ. ಆ ವರದಿ ಹೆಚ್ಚಾಯಿತೆಂದು 2012ರಲ್ಲಿ ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ತಂಡ. 2013ರ ಏಪ್ರಿಲಿನಲ್ಲಿ ಅದರ ವರದಿ. ಘಟ್ಟದಲ್ಲಿ ನೂರಕ್ಕೆ 37 ಪಾಲನ್ನಾದರೂ ಸೂಕ್ಷ್ಮ ಪ್ರದೇಶವೆಂದು ಕಾಪಾಡಿರೆಂದು ಸಲಹೆ. 2014ರಿಂದ ಕರಡು ಅಧಿಸೂಚನೆ, ಮತ್ತೆ ಕರಡು, ಮತ್ತೂ ಕರಡು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲಿನ ಗುಡ್ಡ ಕುಸಿದು ಜನರನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿತು. ಅದೇ ತಿಂಗಳು 30ರಂದು ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಣ್ಣುಪಾಲಾದರು. ಮಾರನೆಯ ದಿನ, ಜುಲೈ 31ರಂದು, ಆರನೆಯ ಕರಡು ಹೊರಟಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲ ಈ ವರದಿ ನಮಗೆ ಬೇಡವೆಂದು ತೀರ್ಮಾನಿಸಿತು. ಅಧಿಸೂಚನೆ ಹೊರಟಿದ್ದರೆ ಈ ಗುಡ್ಡಗಳಲ್ಲಿ ಒಂದೂ ಕುಸಿಯುತ್ತಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಹತ್ತು ವರ್ಷದಲ್ಲಿ ಆರು ಕರಡು ಬರೆದು ಒಂದನ್ನೂ ಅಂತಿಮಗೊಳಿಸದೆ ಇದ್ದುದನ್ನು ಆಡಳಿತವೆಂದು ಕರೆಯುವುದಕ್ಕೆ ನನ್ನ ನಾಲಗೆ ಏಳುವುದಿಲ್ಲ.

ಮಲೆನಾಡಿನ ರೈತರೇ ಈ ವರದಿಗಳನ್ನು ವಿರೋಧಿಸಿದರಲ್ಲ ಎಂದು ಕೇಳಬಹುದು. ನಿಜ, ಅವರ ಭಯ ಸುಳ್ಳಿನದಲ್ಲ. ಹಕ್ಕುಪತ್ರ ಕೈಗೆ ಬಾರದೆ ತಲೆಮಾರುಗಳಿಂದ ಉಳುತ್ತಿರುವವನು, ಬೆಟ್ಟದ ಸೊಪ್ಪನ್ನು ನಂಬಿ ತೋಟ ಮಾಡಿದವನು, ಸರಕಾರದ ನಕ್ಷೆಯಲ್ಲಿ ತನ್ನ ಊರಿನ ಹೆಸರು ಕಂಡರೆ ಬೆಚ್ಚದೆ ಇರುತ್ತಾನೆಯೇ? ಆದರೆ ವರದಿಯನ್ನು ಹತ್ತಿರ ಒಂಬತ್ತು ತಿಂಗಳು ಮುಚ್ಚಿಟ್ಟವರು ಯಾರು? ಕಾಗದ ಬಾರದ ಊರಿಗೆ ವದಂತಿ ಬರುತ್ತದೆ. ಮನೆ ಹೋಯಿತು, ತೋಟ ಹೋಯಿತು, ಮಣ್ಣಿಗೆ ಗುದ್ದಲಿ ಹಾಕಬಾರದಂತೆ ಎಂಬ ಮಾತು ಬಸ್ಸು ನಿಲ್ದಾಣಗಳಲ್ಲಿ ಹಬ್ಬಿದಾಗ, ಅದರಲ್ಲಿ ಇರುವುದು ಇಷ್ಟು, ಇಲ್ಲದ್ದು ಇಷ್ಟು ಎಂದು ಕನ್ನಡದಲ್ಲಿ ಓದಿ ಹೇಳುವ ಹೊಣೆ ಯಾರದಾಗಿತ್ತು? ಮೀನು ಎಲ್ಲಿದೆಯೆಂದು ಕನ್ನಡದಲ್ಲಿ ಹೇಳಲು ಬರುವ ಸರಕಾರಕ್ಕೆ ಗುಡ್ಡ ಎಲ್ಲಿ ಜರಿದೀತೆಂದು ಕನ್ನಡದಲ್ಲಿ ಹೇಳಲು ಬಾರದೇ? ಜನರ ಒಪ್ಪಿಗೆ ಬೇಕೆಂದು ಬರೆದಿದ್ದ ವರದಿಯನ್ನು ಜನರ ಹೆಸರಿನಲ್ಲಿಯೇ ಕೊಂದದ್ದು ನಮ್ಮ ಕಾಲದ ದೊಡ್ಡ ಚಮತ್ಕಾರ.

ಬಡ ದೇಶಕ್ಕೆ ಇಷ್ಟೆಲ್ಲ ಅಳತೆಯ ಶೋಕಿ ಏಕೆ ಎಂಬುದು ಇನ್ನೊಂದು ಆಕ್ಷೇಪಣೆ. ಹಣವೇ ಇಲ್ಲವೆಂದರೆ ನಂಬಲಾಗದು. 2021ರಲ್ಲಿ ಆಳಸಮುದ್ರದ ಯೋಜನೆಗೆ ಐದು ವರ್ಷಕ್ಕೆಂದು 4,077 ಕೋಟಿ ರೂಪಾಯಿ ಮಂಜೂರಾಯಿತು. ಮೂವರನ್ನು ಆರು ಸಾವಿರ ಮೀಟರಿನ ಆಳಕ್ಕೆ ಇಳಿಸುವ ವಾಹನ ಅದರಲ್ಲಿದೆ. ಸಾಗರ ಮತ್ತು ಹವಾಮಾನದ ಮುನ್ನೋಟ ಕೊಡುವ ಭಾಗವೂ ಇದೆ. ಪತ್ರಿಕೆಗಳಲ್ಲಿ ವಾಹನದ ಚಿತ್ರ ಬಂದಿತು, ಎರಡನೆಯದು ಎಷ್ಟು ವಾಚಕರಿಗೆ ಗೊತ್ತು? ವಾಹನ ಬೇಡವೆನ್ನಲಾರೆ. ಆದರೆ ನಮ್ಮ ದೇಶದಲ್ಲಿ ಬೇಸಾಯ ಮಳೆಯನ್ನು ನಂಬಿದೆ, ಮಳೆ ಕಡಲನ್ನು ನಂಬಿದೆ. ಬಡವನಿಗೆ ಒಂದು ಬೆಳೆ ಹೋದರೆ ಎರಡು ವರ್ಷ ಏಳಲಾಗದು. ಮುನ್ಸೂಚನೆಯ ಅಗತ್ಯ ಸಿರಿವಂತನಿಗಿಂತ ಅವನಿಗೇ ಹೆಚ್ಚು. ಬೆಂಕಿ ಬಿದ್ದಾಗ ಬಾವಿ ತೋಡುವುದು ಅವನ ಕೈಯಿಂದ ಆಗುವ ಖರ್ಚಲ್ಲ.

ನಾನು ಕೇಳುವುದು ಮೂರೇ ಮೂರು. ಒಂದು, ಕಡಲಿನ, ಗಾಳಿಯ, ಮಣ್ಣಿನ, ಕಾಡಿನ ದೀರ್ಘಕಾಲದ ಅಳತೆಗಳಿಗೆ ಹಣವನ್ನು ವರ್ಷ ವರ್ಷ ಬೇಡಿಸುವುದು ನಿಲ್ಲಬೇಕು. ಅಣೆಕಟ್ಟಿಗೆ ಹತ್ತು ವರ್ಷದ ಬಾಬ್ತು ಇಡುವವರು ಇದಕ್ಕೂ ಇಡಲಿ. ಎರಡು, ಸಾರ್ವಜನಿಕ ಹಣದಿಂದ ಆದ ವರದಿ ಸರಕಾರದ ಕೈಸೇರಿ ಮೂರು ತಿಂಗಳೊಳಗೆ ಅಚ್ಚಾಗಿ ಹೊರಬೀಳಬೇಕು. ಅದು ಯಾವ ಜಿಲ್ಲೆಯನ್ನು ಕುರಿತದ್ದೋ ಆ ಜಿಲ್ಲೆಯ ಪಂಚಾಯಿತಿಗಳ ಮೇಜಿನ ಮೇಲೆ ಕನ್ನಡದಲ್ಲಿ ಇರಬೇಕು. ಮೂರು, ನೆಲದ ಅಥವಾ ತೀರದ ಬಳಕೆಯನ್ನು ಬದಲಿಸುವ ಯಾವ ಯೋಜನೆಗೂ ಮಂಜೂರಾತಿ ಕೊಡುವ ಮುನ್ನ, ಆ ಜಾಗವನ್ನು ಕುರಿತ ಸಂಶೋಧನೆಗೆ ಸರಕಾರ ಲಿಖಿತ ಉತ್ತರ ಕೊಡಬೇಕು. ಒಪ್ಪದಿರುವ ಅಧಿಕಾರ ಸರಕಾರಕ್ಕೆ ಇದೆ. ಕಾರಣ ಹೇಳದೆ ಮೌನವಾಗಿರುವ ಅಧಿಕಾರ ಇರಬಾರದು. ನಾಳೆ ಗುಡ್ಡ ಕುಸಿದಾಗ ಆ ಉತ್ತರದ ಕೆಳಗಿನ ರುಜು ಯಾರದೆಂದು ನಮಗೆ ಗೊತ್ತಿರಬೇಕು.

ನಗರವಾಸಿಗಳಾದ ನಮಗೂ ಒಂದು ಮಾತು. ಮನೆಗೆ ವಿದ್ಯುತ್ತು ಬೇಕು, ಕಟ್ಟಡಕ್ಕೆ ಮರಳು ಬೇಕು, ವಾರದ ಕೊನೆಗೆ ಕಡಲತೀರಕ್ಕೆ ಐದೇ ಗಂಟೆಯಲ್ಲಿ ತಲಪುವ ರಸ್ತೆ ಬೇಕು. ಘಟ್ಟ ಮಾತ್ರ ಹಸುರಾಗಿರಬೇಕು, ಅದರ ಹೊಣೆಯನ್ನು ಅಲ್ಲಿಯವರು ಹೊರಬೇಕು ಎಂಬುದು ನ್ಯಾಯವಲ್ಲ. ಘಟ್ಟದವನ ನಷ್ಟವನ್ನು ತುಂಬಿಕೊಡುವ ತೆರಿಗೆಗೆ ನಾವು ಸಿದ್ಧರಾಗಬೇಕಾಗಬಹುದು. ಎಷ್ಟು ತೆರಿಗೆ, ಯಾರಿಗೆ, ಯಾವ ನೆಲಕ್ಕೆ ಎಂದು ಹೇಳುವುದಕ್ಕೂ ಅಳತೆಯೇ ಬೇಕು. ಮುಂದಿನ ಸಲ ಮತ ಕೇಳಿಕೊಂಡು ಮನೆ ಬಾಗಿಲಿಗೆ ಬಂದವರನ್ನು ರಸ್ತೆ, ನೀರು, ಚರಂಡಿಗಳ ವಿಷಯ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: "ನಮ್ಮ ಹಣದಿಂದ ಬರೆಸಿದ ವರದಿಗಳಲ್ಲಿ ತಾವು ಯಾವುದನ್ನು ಓದಿದ್ದೀರಿ, ಸ್ವಾಮಿ?" ಉತ್ತರಕ್ಕಾಗಿ ಸ್ವಲ್ಪ ಹೊತ್ತು ಬಾಗಿಲಲ್ಲಿಯೇ ನಿಲ್ಲಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.